ಉದ್ರಿ ಕೊಟ್ಟು ಸೊರಗುವ ಸಣ್ಣವರು: ಗೋಕುಲ ರಸ್ತೆಯ ಲೇತ್ ಹೇಳುವ ಲೆಕ್ಕ

ಹುಬ್ಬಳ್ಳಿಯ ದುರ್ಗದಬೈಲಿನ ಹಳೇ ಅಂಗಡಿಗಳಲ್ಲಿ ಗಲ್ಲಾದ ಮೇಲೆ ಒಂದು ಬೋರ್ಡ್ ನೇತಾಡುತ್ತಿರುತ್ತದೆ: ‘ಇಂದು ರೋಖ, ನಾಳೆ ಉದ್ರಿ.’ ರೋಖ ಅಂದರೆ ನಗದು, ಉದ್ರಿ ಅಂದರೆ ಸಾಲ. ಮರುದಿನ ಹೋದರೂ ಬೋರ್ಡ್ ಅದೇ. ಹಾಗಾಗಿ ಆ ನಾಳೆ ಯಾವತ್ತೂ ಬರುವುದಿಲ್ಲ. ಸಣ್ಣವರಿದ್ದಾಗ ಇದು ನಮಗೆ ನಗೆಚಾಟಿಕೆ. ಆದರೆ ಬೋರ್ಡಿನ ಕೆಳಗಿನ ಡ್ರಾದಲ್ಲಿ ಉದ್ರಿ ವಹಿ ಇದ್ದೇ ಇರುತ್ತದೆ. ಮುಖ ನೋಡಿ ಕೊಡುತ್ತಾರೆ, ತಿಂಗಳಿಗೆ ಚುಕ್ತಾ ಮಾಡಿಸಿಕೊಳ್ಳುತ್ತಾರೆ.

ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನ ಪರಿಚಯದವರೊಬ್ಬರು ಲೇತ್ (ಲೋಹ ಕಡೆಯುವ ಮಷಿನ್) ವರ್ಕ್‌ಶಾಪ್ ನಡೆಸುತ್ತಾರೆ. ಅಲ್ಲಿ ಇಂಥ ಬೋರ್ಡ್ ಇಲ್ಲ. ಹಾಕಿದರೂ ಓದುವವರು ಯಾರು? ಅವರ ಹತ್ತಿರ ಉದ್ರಿ ತಗೊಳ್ಳುವವರು ಬಾಗಿಲಿಗೆ ಬರುವುದೇ ಇಲ್ಲ. ಅದು ದೊಡ್ಡ ಕಂಪನಿ. ಟೆಂಪೋ ಕಳಿಸುತ್ತದೆ, ಮಾಲು ಒಯ್ಯುತ್ತದೆ, 90 ದಿನ ಬಿಟ್ಟು ರೊಕ್ಕ ಕೊಡುತ್ತದೆ. ಕೆಲವು ಸಲ 120.

ಸಣ್ಣ ಉದ್ಯಮದ ಮಾತು ಬಂದಾಗೆಲ್ಲ ನಾವು ಸಾಲದ ಬಗ್ಗೆ ಮಾತಾಡುತ್ತೇವೆ. ಬ್ಯಾಂಕು ಕೊಡುವುದಿಲ್ಲ, ಅಡಮಾನ ಕೇಳುತ್ತಾರೆ, ಮುದ್ರಾ ಬಂತು, ಇನ್ನೊಂದು ಯೋಜನೆ ಬಂತು ಎಂದು. ಅದು ಸುಳ್ಳಲ್ಲ. ಆದರೆ ಈ ಭಾಗದಲ್ಲಿ ಹತ್ತಾರು ವರ್ಷ ಓಡಾಡಿ ನನಗೆ ಅನಿಸಿದ್ದು ಬೇರೆ. ಸಣ್ಣವರು ಸಾಲ ಸಿಗದೆ ಸೊರಗುವುದಕ್ಕಿಂತ, ಸಾಲ ಕೊಟ್ಟು ಸೊರಗುವುದು ಜಾಸ್ತಿ. ಅದೂ ತಮಗಿಂತ ದೊಡ್ಡವರಿಗೆ, ಬಡ್ಡಿ ಇಲ್ಲದೆ.

ಆ ವರ್ಕ್‌ಶಾಪಿನೊಳಗೆ ಸ್ವಲ್ಪ ಹೊತ್ತು ನಿಲ್ಲೋಣ. ಹುಬ್ಬಳ್ಳಿ ಕೈಗಾರಿಕಾ ವಾಲ್ವ್‌ಗಳಿಗೆ ಹೆಸರಾದ ಊರು. ಅಡುಗೆ ಗ್ಯಾಸಿನ ಸಣ್ಣ ವಾಲ್ವ್ ಅಲ್ಲ. ಎಣ್ಣೆ, ಉಗಿ, ನೀರು ಹರಿಯುವ ದೊಡ್ಡ ಪೈಪುಗಳನ್ನು ತೆರೆದು ಮುಚ್ಚುವ ಉಕ್ಕಿನ ವಾಲ್ವ್‌ಗಳು. ಅವುಗಳಲ್ಲಿ ಎಷ್ಟೋ ಬಿಡಿಭಾಗಗಳು ಕಂಪನಿಯ ಗೋಡೆಯೊಳಗೆ ತಯಾರಾಗುವುದಿಲ್ಲ. ಫೌಂಡ್ರಿಯಿಂದ ಕಾಸ್ಟಿಂಗ್, ಅಂದರೆ ಎರಕ ಹೊಯ್ದ ತುಂಡು, ಬರುತ್ತದೆ. ಮೈಯೆಲ್ಲ ಒರಟು, ಮರಳಿನ ಕಲೆ ಇನ್ನೂ ಹೋಗಿರುವುದಿಲ್ಲ. ಅದನ್ನು ಚಕ್‌ಗೆ ಕಚ್ಚಿಸಿ ಮುಖ ಸಮ ಮಾಡಬೇಕು, ಒಳಗೆ ಬೋರಿಂಗ್ ಮಾಡಬೇಕು, ಬೋಲ್ಟಿಗೆ ತೂತು ಹಾಕಬೇಕು. ಪ್ರತಿ ಹಂತಕ್ಕೂ ವರ್ನಿಯರ್ ಹಿಡಿದು ಅಳತೆ ನೋಡಬೇಕು. ಒಂದು ಕೂದಲಷ್ಟು ಜಾಸ್ತಿ ಹೆರೆದರೆ ಪೀಸ್ ರಿಜೆಕ್ಟ್, ಕಾಸ್ಟಿಂಗಿನ ದುಡ್ಡೂ ಇವರ ತಲೆ ಮೇಲೆ. ಇದಕ್ಕೆ ಜಾಬ್ ವರ್ಕ್ ಅನ್ನುತ್ತಾರೆ. ನಾಲ್ಕು ಜನ ಕೆಲಸಗಾರರು, ಮೂರು ಮಷಿನ್, ಒಂದು ಟೇಬಲ್ ಫ್ಯಾನ್.

ಕೆಲಸಗಾರರಿಗೆ ಶನಿವಾರ ಬಟವಾಡೆ. ಅದನ್ನು ತಪ್ಪಿಸುವ ಹಾಗಿಲ್ಲ, ತಪ್ಪಿಸಿದರೆ ಸೋಮವಾರ ಯಾರೂ ಬರುವುದಿಲ್ಲ. ಕರೆಂಟ್ ಬಿಲ್ ತಿಂಗಳಿಗೊಮ್ಮೆ. ಟೂಲ್ ರೋಖ ಕೊಟ್ಟು ತರಬೇಕು. ಬಿಲ್ ಬರೆದ ಮುಂದಿನ ತಿಂಗಳೇ ಜಿಎಸ್‌ಟಿ ಕಟ್ಟಬೇಕು. ಗಿರಾಕಿ ರೊಕ್ಕ ಕೊಟ್ಟಿದ್ದಾನೋ ಇಲ್ಲವೋ, ತೆರಿಗೆ ಆ ಮಾತು ಕೇಳುವುದಿಲ್ಲ. ಅಂದರೆ ಇನ್ನೂ ಕೈಗೆ ಬಾರದ ದುಡ್ಡಿನ ಮೇಲೆ ಇವರು ಮೊದಲೇ ಕಟ್ಟಿರುತ್ತಾರೆ.

ಒಂದು ಅಂದಾಜು ಲೆಕ್ಕ ಹಾಕೋಣ. ತಿಂಗಳಿಗೆ 3 ಲಕ್ಷದ ಕೆಲಸ ಆಗುತ್ತದೆ ಅಂದುಕೊಳ್ಳಿ. ರೊಕ್ಕ ಬರುವುದು 90 ದಿನಕ್ಕಾದರೆ ಯಾವಾಗ ನೋಡಿದರೂ 9 ಲಕ್ಷ ಹೊರಗೆ. ಅಷ್ಟನ್ನು ನೂರಕ್ಕೆ ಎರಡರ ಬಡ್ಡಿಗೆ ಕೈಸಾಲ ತಂದು ತುಂಬಿಸಿದರೆ ತಿಂಗಳಿಗೆ 18,000. ಖರ್ಚು ಕಳೆದು ನೂರಕ್ಕೆ ಹತ್ತು ಉಳಿಯುತ್ತದೆ ಅಂದರೂ ಲಾಭ 30,000. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಡ್ಡಿಗೇ ಹೋಯಿತು. ಅದೇ ರೊಕ್ಕ 45 ದಿನಕ್ಕೆ ಬಂದರೆ? ಬಡ್ಡಿ 9,000ಕ್ಕೆ ಇಳಿಯುತ್ತದೆ. ಮಷಿನ್ ಅದೇ, ಜನ ಅವರೇ, ಕೆಲಸ ಅಷ್ಟೇ. ಬದಲಾಗಿದ್ದು ಕಾಯುವ ದಿನ ಮಾತ್ರ.

ಕಂಪನಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಈ ಊರಿನ ಎಲ್ಲ ಜಾಬ್ ವರ್ಕ್‌ನವರಿಗೂ ಬಾಯಿಪಾಠ. “ಬಿಲ್ ಇನ್ನೂ ಪಾಸ್ ಆಗಿಲ್ರಿ. ಬರೋ ವಾರ ನೋಡೂಣು.”

ಈಗ ಸ್ವಲ್ಪ ದೊಡ್ಡ ಚಿತ್ರ. 2015-16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕೃಷಿ ಬಿಟ್ಟು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳು (ಎಂಎಸ್‌ಎಂಇ) ಸುಮಾರು 6.34 ಕೋಟಿ. ಅವು ಕೆಲಸ ಕೊಟ್ಟಿದ್ದು ಸುಮಾರು 11.10 ಕೋಟಿ ಜನರಿಗೆ. ದೇಶದ ಒಟ್ಟು ಮೌಲ್ಯವರ್ಧನೆಯಲ್ಲಿ ಸುಮಾರು ಶೇ 30, ರಫ್ತಿನಲ್ಲಿ ಶೇ 45ರ ಆಸುಪಾಸು ಈ ವಲಯದ್ದು. ಭಾಷಣದಲ್ಲಿ ‘ಆರ್ಥಿಕತೆಯ ಬೆನ್ನೆಲುಬು’ ಅನ್ನುವುದು ಇದಕ್ಕೇ.

ಆದರೆ ಆ ಮೊದಲ ಎರಡು ಅಂಕಿಗಳನ್ನು ಒಂದಕ್ಕೊಂದು ಭಾಗಿಸಿ ನೋಡಿ. ಒಂದು ಉದ್ಯಮಕ್ಕೆ ಇಬ್ಬರು ಜನ ಕೂಡ ಬರುವುದಿಲ್ಲ. 6.34 ಕೋಟಿಯಲ್ಲಿ ಶೇ 99ಕ್ಕಿಂತ ಜಾಸ್ತಿ ‘ಸೂಕ್ಷ್ಮ’ ಉದ್ಯಮಗಳು. ಅಂದರೆ ಗಂಡ ಹೆಂಡತಿ ನಡೆಸುವ ಗಿರಮಿಟ್ ಗಾಡಿ, ಮನೆಯಲ್ಲೇ ಒಂದು ಹೊಲಿಗೆ ಮಷಿನ್, ಬಸ್ ಸ್ಟ್ಯಾಂಡ್ ಎದುರಿನ ಪಂಕ್ಚರ್ ಅಂಗಡಿ. ಇವುಗಳಲ್ಲಿ ಎಷ್ಟೋ ಹುಟ್ಟಿದ್ದು ಉದ್ಯಮ ಮಾಡಬೇಕು ಅಂತಲ್ಲ, ಬೇರೆ ಕೆಲಸ ಸಿಗಲಿಲ್ಲ ಅಂತ. ಬಡ ದೇಶದಲ್ಲಿ ಸಣ್ಣ ಅಂಗಡಿಗಳು ಜಾಸ್ತಿ ಇರುವುದು ಯಾವಾಗಲೂ ಶಕ್ತಿಯ ಲಕ್ಷಣ ಅಲ್ಲ. ಕೆಲವೊಮ್ಮೆ ಅದು ಫ್ಯಾಕ್ಟರಿಗಳು ಸಾಲದು ಅನ್ನುವುದರ ಗುರುತು. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ. ಆದರೆ ಮೆಣಸಿನಕಾಯಿ ಭಜಿ ಕರಿಯುವ ಅಜ್ಜಿಗೆ ‘ಉದ್ಯಮಿ’ ಎಂದು ಹಾರ ಹಾಕಿದ ಮಾತ್ರಕ್ಕೆ ಅವಳ ದಿನದ ಗಳಿಕೆ ಏರುವುದಿಲ್ಲ ಅಲ್ವಾ?

ಇನ್ನು ಸರ್ಕಾರದ ಲೆಕ್ಕದಲ್ಲಿ ಯಾರು ಸಣ್ಣವರು ನೋಡಿ. 2025ರ ಏಪ್ರಿಲ್ 1ರಿಂದ ಮಷಿನ್ ಮತ್ತು ಸಲಕರಣೆಗೆ 2.5 ಕೋಟಿವರೆಗೆ ಹಾಕಿ, ವರ್ಷಕ್ಕೆ 10 ಕೋಟಿವರೆಗೆ ವಹಿವಾಟು ಮಾಡುವವರು ‘ಸೂಕ್ಷ್ಮ’. 25 ಕೋಟಿ ಹೂಡಿಕೆ, 100 ಕೋಟಿ ವಹಿವಾಟಿನವರೆಗೆ ‘ಸಣ್ಣ’. ಭಜಿ ಅಜ್ಜಿಯೂ, 10 ಕೋಟಿಯ ಫ್ಯಾಬ್ರಿಕೇಷನ್ ಮಾಲೀಕರೂ ಒಂದೇ ಹೆಸರಿನಡಿ ಬಂದರು. ಯೋಜನೆಯ ಅರ್ಜಿ ಹಿಡಿದು ಇಬ್ಬರೂ ಒಂದೇ ಸಾಲಿನಲ್ಲಿ ನಿಂತರೆ ಮುಂದೆ ಯಾರಿರುತ್ತಾರೆ ಎಂದು ಹೇಳಬೇಕಿಲ್ಲ.

ಹಾಗಾದರೆ ಬೆಳವಣಿಗೆ ಎಲ್ಲಿಂದ ಬರುತ್ತದೆ? ನಮ್ಮ ಲೇತ್‌ನಂಥ ನಡುವಿನ ಜಾಗದಿಂದ ಎಂದು ನನ್ನ ಅಭಿಪ್ರಾಯ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯಲ್ಲಿ ಬಹಳಷ್ಟು ಮಳೆ ನಂಬಿದ್ದು. ಮಳೆ ಕೈ ಕೊಟ್ಟ ವರ್ಷ ಎರಡೆಕರೆಯವನ ಮಗ ಹುಬ್ಬಳ್ಳಿ ಬಸ್ ಹತ್ತುತ್ತಾನೆ. ಮೊದಲು ವರ್ಕ್‌ಶಾಪಿನಲ್ಲಿ ಕಸ ಗುಡಿಸಿ, ಚಹಾ ತಂದು, ಆಮೇಲೆ ಡ್ರಿಲ್ಲಿಂಗ್, ಆಮೇಲೆ ಲೇತ್. ಎಂಟು ಹತ್ತು ವರ್ಷಕ್ಕೆ ಕೈಯಲ್ಲಿ ಕಸುಬು. ನನ್ನ ಪರಿಚಯದವರು ಬಂದಿದ್ದೂ ಹೀಗೆಯೇ. ಈಗ ಅವರ ಆಸೆ ಒಂದೇ: ಒಂದು ಸೆಕೆಂಡ್ ಹ್ಯಾಂಡ್ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್. ಅದು ಬಂದರೆ ಅದೇ ನಾಲ್ಕು ಜನ ದಿನಕ್ಕೆ ಎಷ್ಟೋ ಪಟ್ಟು ಪೀಸ್ ತೆಗೆಯಬಹುದು, ರಿಜೆಕ್ಟ್ ಕಡಿಮೆ, ಸಂಬಳವೂ ಏರಬಹುದು. ಅರ್ಥಶಾಸ್ತ್ರದವರು ಉತ್ಪಾದಕತೆ ಅನ್ನುವುದು ಇದನ್ನೇ. ಒಂದು ದೇಶ ಶ್ರೀಮಂತ ಆಗುವುದು ಹೀಗೆ, ಒಂದೊಂದು ವರ್ಕ್‌ಶಾಪಿನಲ್ಲಿ ಒಂದೊಂದು ಮಷಿನ್ ಬದಲಾಗುತ್ತ. ಆದರೆ ಸಿಎನ್‌ಸಿಗೆ ಮುಂಗಡ ಕೊಡುವ ರೊಕ್ಕ ಇವರ ಹತ್ತಿರ ಇಲ್ಲ. ಎಲ್ಲಿದೆ? ಆ 9 ಲಕ್ಷದಲ್ಲಿದೆ.

ಕಾಯುವ ಶಕ್ತಿ ಯಾರಿಗಿದೆ ಅನ್ನುವುದೇ ವ್ಯಾಪಾರದಲ್ಲಿ ಅರ್ಧ ಆಟ. ಬ್ಯಾಡಗಿಯಲ್ಲಿ 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಬಿದ್ದು ರೈತರು ರೊಚ್ಚಿಗೆದ್ದರು. ಎಪಿಎಂಸಿ ಕಚೇರಿಗೆ ಕಲ್ಲು, ವಾಹನಗಳಿಗೆ ಬೆಂಕಿ. ಟಿವಿಯಲ್ಲಿ ಎಲ್ಲರೂ ನೋಡಿದರು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಕೆಂಪನ್ನು ಹಿಂಡಿ ತೆಗೆದ ಓಲಿಯೊರೆಸಿನ್ ಆಹಾರಕ್ಕೂ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡಲು ಆಗುವವರು ದರ ಬಿದ್ದ ದಿನ ಮನೆಗೆ ಹೋಗಿ ಮಲಗುತ್ತಾರೆ. ಚೀಲ ಹೇರಿಕೊಂಡು ರಾತ್ರಿಯೆಲ್ಲ ಗಾಡಿಯಲ್ಲಿ ಬಂದವರಿಗೆ ಆ ಭಾಗ್ಯ ಇಲ್ಲ. ಗಾಡಿ ಬಾಡಿಗೆ, ಬೀಜ ಗೊಬ್ಬರದ ಬಾಕಿ ಅವತ್ತೇ ಕೊಡಬೇಕು. ಬಂದ ದರಕ್ಕೆ ಬಿಟ್ಟು ಹೋಗಬೇಕು.

ಹುಬ್ಬಳ್ಳಿಯ ಬೆಂಗೇರಿಯ ಕತೆ ಇನ್ನೊಂದು ಥರ. ಅಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಿಂದ ಇದೆ. ರಾಷ್ಟ್ರಧ್ವಜ ತಯಾರಿಕೆಗೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮಾನ್ಯತೆ ಪಡೆದ ಘಟಕ ಎಂದು ದೇಶಕ್ಕೆಲ್ಲ ಹೆಸರು. ಧಾರವಾಡ ಹತ್ತಿರದ ಗರಗ ಧ್ವಜದ ಖಾದಿ ಬಟ್ಟೆಗೆ ಹೆಸರಾದ ಊರು. ಬಣ್ಣ ಹಾಕಿ, ಚಕ್ರ ಅಚ್ಚೊತ್ತಿ, ಹೊಲಿದು, ಹಗ್ಗ ಕಟ್ಟುವವರೆಗೆ ಕೈ ಬದಲಾಗುತ್ತಲೇ ಇರುತ್ತದೆ. ಆ ಕೈಗಳಲ್ಲಿ ಹೆಚ್ಚಿನವು ಹೆಂಗಸರವು. ಮೇಜಿನ ಮೇಲಿನ 6×4 ಇಂಚಿನದರಿಂದ ಹಿಡಿದು 21×14 ಅಡಿಯವರೆಗೆ ಒಂಬತ್ತು ಅಳತೆ. ಚಕ್ರದ ಗೆರೆ ಎರಡೂ ಬದಿಗೆ ಒಂದೇ ಜಾಗದಲ್ಲಿ ಕೂರಬೇಕು. ವ್ಯಾಪಾರ ಮಾತ್ರ ಆಗಸ್ಟ್ ಮತ್ತು ಜನವರಿಯಲ್ಲಿ. ನೂಲು, ಬಟ್ಟೆ, ಕೂಲಿ ಎಲ್ಲ ಮುಂಚೆಯೇ ಹಾಕಿ, ವರ್ಷದಲ್ಲಿ ಎರಡು ದಿನಕ್ಕಾಗಿ ಕಾಯಬೇಕು. ಇಂಥ ಕಡೆ 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದುಪಡಿಯಾಗಿ ಮಷಿನ್‌ನಲ್ಲಿ ಮಾಡಿದ, ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ಅಗ್ಗದ ಧ್ವಜ ಮನೆಮನೆಗೆ ತಲುಪಿತು, ಅದು ತಪ್ಪಲ್ಲ. ಆದರೆ ಖಾದಿ ಧ್ವಜದ ಬೇಡಿಕೆಗೆ ಪೆಟ್ಟು ಬಿತ್ತು, ಬೆಂಗೇರಿಯಲ್ಲಿ ಪ್ರತಿಭಟನೆಯೂ ನಡೆಯಿತು. ಒಂದು ಸಾಲಿನ ತಿದ್ದುಪಡಿಯನ್ನು ದೊಡ್ಡ ಕಂಪನಿ ಮುಂದಿನ ಮೂರು ತಿಂಗಳಲ್ಲಿ ಸರಿದೂಗಿಸಿಕೊಳ್ಳುತ್ತದೆ. ಕೈಮಗ್ಗಕ್ಕೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಇದಕ್ಕೆ ಉಲ್ಟಾ ಧಾರವಾಡ ಪೇಡೆ. ಲೈನ್ ಬಜಾರಿನಲ್ಲಿ ಗಿರಾಕಿ ಪಾಳಿ ಹಚ್ಚಿ, ರೊಕ್ಕ ಮೊದಲು ಕೊಟ್ಟು, ಡಬ್ಬಿ ಆಮೇಲೆ ತಗೊಳ್ಳುತ್ತಾನೆ. ಉದ್ರಿಯ ಗೊಡವೆ ಇಲ್ಲ. ತಲೆಮಾರುಗಳಿಂದ ಆ ಅಂಗಡಿಗಳು ನಿಂತಿರುವುದಕ್ಕೆ ರುಚಿ ಒಂದೇ ಕಾರಣ ಎಂದು ನಾನು ನಂಬುವುದಿಲ್ಲ.

ಸರಿ, ಕಾನೂನು ಇಲ್ಲವೇ? ಇದೆ, ಚೆನ್ನಾಗೇ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಮಾಲು ತಗೊಂಡವರು, ಏನೇ ಒಪ್ಪಂದವಿದ್ದರೂ, 45 ದಿನದೊಳಗೆ ರೊಕ್ಕ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರು ಕೇಳುವ ಮಂಡಳಿಯ ತೀರ್ಪಿನ ವಿರುದ್ಧ ಕೋರ್ಟಿಗೆ ಹೋಗಬೇಕಾದರೆ ಖರೀದಿದಾರ ಮೊದಲು ತೀರ್ಪಿನ ಮೊತ್ತದ ಶೇ 75 ಠೇವಣಿ ಇಡಬೇಕು. ಕಾಗದದ ಮೇಲೆ ಇದಕ್ಕಿಂತ ಗಟ್ಟಿ ಕಾನೂನು ಬರೆಯುವುದು ಕಷ್ಟ. ದೂರು ಕೊಡಲು ‘ಸಮಾಧಾನ್’ ಎಂಬ ಪೋರ್ಟಲ್ 2017ರಲ್ಲೇ ಬಂತು. ಆದರೆ ನಾನು ಕಂಡ ವರ್ಕ್‌ಶಾಪಿನವರಲ್ಲಿ ದೂರು ಕೊಡುವ ಬದಲು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಸುಮ್ಮನಾಗುವವರೇ ಜಾಸ್ತಿ.

ಯಾಕೆ ಎಂದು ಲೇತ್‌ನವರನ್ನು ಕೇಳಿದೆ. “ಕೇಸ್ ಗೆಲ್ತೀನಿರಿ, ಗಿರಾಕಿ ಹೋಗ್ತಾನ” ಅಂದರು. ನಾಳೆ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತದೆ, ಆ ಪಕ್ಕದವರು 90 ದಿನಕ್ಕೆ ಒಪ್ಪಿಕೊಂಡಿರುತ್ತಾರೆ. ಒಬ್ಬ ಗಿರಾಕಿಯ ಮೇಲೆ ಅರ್ಧ ವಹಿವಾಟು ನಿಂತಿರುವಾಗ ಹಕ್ಕು ಚಲಾಯಿಸುವುದು ಅಂದರೆ ಕೂತ ಟೊಂಗೆ ಕಡಿದ ಹಾಗೆ.

ಅದಕ್ಕೇ ಕೇಂದ್ರ ಸರ್ಕಾರ ಬೇರೆ ದಾರಿ ಹಿಡಿಯಿತು. ಸಣ್ಣವರು ದೂರು ಕೊಡುವುದು ಬೇಡ, ದೊಡ್ಡವರ ತೆರಿಗೆಗೇ ಕೈ ಹಾಕೋಣ ಎಂದು. 1961ರ ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ಸೇರಿಸಿ 2024ರ ಏಪ್ರಿಲ್‌ನಿಂದ ಜಾರಿಗೆ ತಂದ 43ಬಿ(ಎಚ್) ಕಲಮಿನ ಪ್ರಕಾರ, ಗಡುವಿನೊಳಗೆ ಕೊಡದ ಬಾಕಿಯನ್ನು ಆ ವರ್ಷದ ಖರ್ಚೆಂದು ತೋರಿಸುವ ಹಾಗಿಲ್ಲ. ನಿಜವಾಗಿ ಕೊಟ್ಟ ವರ್ಷವೇ ತೋರಿಸಬೇಕು. ಈ ಯೋಚನೆ ನನಗೆ ಇಷ್ಟವಾಯಿತು. ಸಣ್ಣವರು ಬಾಯಿ ಬಿಡಬೇಕಿಲ್ಲ, ದೊಡ್ಡವರ ಆಡಿಟರೇ ನೆನಪಿಸುತ್ತಾರೆ. ಮಾರ್ಚ್ ಕೊನೆಯಲ್ಲಿ ಕೆಲವರಿಗೆ ಹಳೇ ಬಾಕಿ ಒಮ್ಮೆಲೇ ಬಂತು. ಆದರೆ ರಂಗೋಲಿ ಕೆಳಗೆ ನುಸುಳುವವರೂ ಇದ್ದಾರಲ್ಲ. ಬಿಲ್ ಮೇಲೆ ಉದ್ಯಮ್ ನಂಬರ್ (ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ನೋಂದಾಯಿಸಿದ ಸಂಖ್ಯೆ) ಹಾಕಬೇಡಿ ಎಂದು ಮೆತ್ತಗೆ ಹೇಳಿಸಿಕೊಂಡವರು ನನಗೆ ಗೊತ್ತು. ಇನ್ನು ಮಾರ್ಚ್ ದಾಟಿದರೆ ಏಪ್ರಿಲ್‌ನಿಂದ ಹಳೇ ಚಾಳಿ. ವರ್ಷದ ಕೊನೆಗೆ ಮಾತ್ರ ಕಚ್ಚುವ ಕಾನೂನು ಇದು. ಜೊತೆಗೆ ಕೊಂಡು ಮಾರುವ ವ್ಯಾಪಾರಿಗಳಿಗೆ ಈ 45 ದಿನದ ರಕ್ಷಣೆ ಇಲ್ಲ. ಅವರು ಉದ್ಯಮ್‌ನಲ್ಲಿ ನೋಂದಾಯಿಸಿಕೊಂಡರೂ ಸಿಗುವುದು ಬ್ಯಾಂಕ್ ಸಾಲದಲ್ಲಿ ಆದ್ಯತೆ ಅಷ್ಟೇ.

ಬಿಲ್ಲನ್ನೇ ಮಾರಿ ಮೊದಲೇ ರೊಕ್ಕ ಪಡೆಯುವ ಟ್ರೆಡ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯೂ ಇದೆ. ಖರೀದಿದಾರ ಬಿಲ್ ಒಪ್ಪಿಕೊಂಡರೆ ಬ್ಯಾಂಕುಗಳು ಹರಾಜಿನಲ್ಲಿ ಅದನ್ನು ಕೊಳ್ಳುತ್ತವೆ, ಗಡುವಿಗೆ ಕಂಪನಿಯಿಂದ ವಸೂಲಿ ಮಾಡಿಕೊಳ್ಳುತ್ತವೆ. ಒಳ್ಳೆಯದೇ. ಆದರೆ ‘ಖರೀದಿದಾರ ಒಪ್ಪಿಕೊಂಡರೆ’ ಅನ್ನುವ ಮಾತು ಗಮನಿಸಿ. ‘ಬಿಲ್ ಪಾಸ್ ಆಗಿಲ್ರಿ’ ಅನ್ನುವವರು ಒಪ್ಪಿಗೆಯ ಬಟನ್ ಒತ್ತಬೇಕು.

ಇಷ್ಟೆಲ್ಲ ಲೆಕ್ಕಪತ್ರಕ್ಕೆ ಸಣ್ಣವರು ಬರಲಿ ಎನ್ನುತ್ತೇವೆ. ಬಂದವರಿಗೆ ಏನಾಯಿತು? 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟು ತೋರಿಸಿ 29 ಲಕ್ಷ ಕಟ್ಟಲು ಹೇಳಿದ್ದು ದೇಶವೆಲ್ಲ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವಿನಾಯಿತಿ ಇರುವ ಮಾಲನ್ನಷ್ಟೇ ಮಾರುವವರು ನೋಂದಣಿ ಮಾಡಿಸಲೂ ಬೇಕಿಲ್ಲ. ಗದ್ದಲ ಆದ ಮೇಲೆ ಮುಖ್ಯಮಂತ್ರಿ ಹಳೇ ಬಾಕಿ ಕೇಳುವುದಿಲ್ಲ ಎಂದು ಭರವಸೆ ಕೊಟ್ಟರು. ಅಷ್ಟರಲ್ಲಿ ಕ್ಯೂಆರ್ ಸ್ಟಿಕರ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದ ರಟ್ಟುಗಳು ಅಂಗಡಿಗಳಲ್ಲಿ ನೇತಾಡಿದವು. ನೋಡಿ, ರೋಖದ ಬೋರ್ಡ್ ಮತ್ತೆ ಬಂತು!

ನನಗೆ ಇದರಲ್ಲಿ ಕೆಡುಕೆನಿಸಿದ್ದು ತೆರಿಗೆ ಅಲ್ಲ. ನಾಲ್ಕು ವರ್ಷ ದಿನಾ ಇಷ್ಟು ವ್ಯಾಪಾರ ಆಗಿದೆ ಎಂಬ ದಾಖಲೆ ಆ ಫೋನಿನಲ್ಲಿತ್ತು. ಅದನ್ನು ನೋಡಿ ಒಂದು ಬ್ಯಾಂಕು ‘ಬನ್ನಿ, ನಿಮಗೆ ಸಾಲ ಕೊಡುತ್ತೇವೆ’ ಎಂದು ಬರಬಹುದಿತ್ತು. ದಾಖಲೆ ನೋಡಿ ಮೊದಲು ಬಾಗಿಲು ಬಡಿದದ್ದು ನೋಟಿಸ್.

ಬ್ಯಾಂಕು ಬಾರದ ಕಡೆ ಯಾರು ಬರುತ್ತಾರೆ ಅನ್ನುವುದನ್ನೂ ಹಾವೇರಿ ಜಿಲ್ಲೆಯೇ ತೋರಿಸಿತು. 2025ರ ಜನವರಿಯಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಾಟ ತಾಳದೆ ಅಲ್ಲಿನ ಹೆಣ್ಣುಮಕ್ಕಳು ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗೆ ತಾಳಿಯನ್ನೇ ಅಂಚೆಯಲ್ಲಿ ಕಳಿಸುವ ಅಭಿಯಾನ ಮಾಡಿದರು. ಮರು ತಿಂಗಳು ಅಂಥ ಕಾಟ ತಡೆಯಲು ಸುಗ್ರೀವಾಜ್ಞೆ ಬಂತು. 10 ಲಕ್ಷದವರೆಗಿನ ಸಾಲಕ್ಕೆ ಸಣ್ಣ ಉದ್ಯಮಗಳಿಂದ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕು 2010ರಲ್ಲೇ ಹೇಳಿತ್ತು. ಮುದ್ರಾ 2015ರಿಂದ ಇದೆ. ಆದರೂ ಹೊಲಿಗೆ ಮಷಿನ್ ತರಲು ವಾರದ ಕಂತಿನ ಸಂಘಕ್ಕೇ ಹೋಗುತ್ತಾರೆ, ಯಾಕೆಂದರೆ ಅಲ್ಲಿ ಕಾಯಿಸುವುದಿಲ್ಲ. ಬಡ್ಡಿ ಜಾಸ್ತಿ ಎಂದು ಅವರಿಗೆ ಗೊತ್ತಿಲ್ಲವೇ? ಗೊತ್ತು. ಕಾಯದೇ ಇರುವುದಕ್ಕೆ ಅವರು ಕೊಡುವ ಬೆಲೆ ಅದು.

ಇದೇ ನೆಲದಲ್ಲಿ ಇದಕ್ಕೆ ಒಂದು ಉತ್ತರ ಹಿಂದೆಯೇ ಹುಟ್ಟಿತ್ತು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಶುರು ಮಾಡಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದಲ್ಲೇ ಮೊದಲನೆಯದು. ಯಾರು ತೀರಿಸುತ್ತಾರೆ, ಯಾರು ತೀರಿಸುವುದಿಲ್ಲ ಎಂದು ಊರಿಗೆ ಗೊತ್ತು, ಆದ್ದರಿಂದ ಊರೇ ಸಾಲ ಕೊಡಲಿ ಎಂಬ ಸರಳ ಲೆಕ್ಕ. ಲೇತ್‌ನವರು ಹತ್ತು ಜನ ಸೇರಿ ತಮ್ಮ ಪಾಸಾದ ಬಿಲ್‌ಗಳ ಮೇಲೆ ಒಬ್ಬರಿಗೊಬ್ಬರು ಸಾಲ ಕೊಡುವ ಸಂಘ ಮಾಡಿಕೊಂಡರೆ ಹೇಗೆ ಎಂದು ನಾನು ಒಮ್ಮೆ ಕೇಳಿದ್ದೆ. ಹತ್ತೂ ಜನ ಅದೇ ಕಂಪನಿಗೆ ಮಾಲು ಕೊಡುತ್ತಾರೆ, ಅದು ನಿಲ್ಲಿಸಿದರೆ ಹತ್ತೂ ಜನ ಒಟ್ಟಿಗೆ ಮುಳುಗುತ್ತಾರೆ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಉದ್ರಿ ಎಲ್ಲಿಯವರೆಗೆ ಇಳಿಯುತ್ತದೆ ಎಂದು ಕಂಡಿದ್ದು ಒಂದು ಶನಿವಾರ. ವರ್ಕ್‌ಶಾಪಿನ ಹುಡುಗರು ಊಟ ಮಾಡುವುದು ಹಿಂದಿನ ಗಲ್ಲಿಯ ಖಾನಾವಳಿಯಲ್ಲಿ, ಮಾಲೀಕರ ಖಾತೆಯ ಮೇಲೆ. ಖಾನಾವಳಿಯವರಿಗೆ ಖಡಕ್ ರೊಟ್ಟಿ ಬಡಿದು ಕೊಡುವುದು ಉಣಕಲ್ ಕಡೆಯ ಒಬ್ಬ ಅಕ್ಕ. ಕಂಪನಿ ಲೇತ್‌ನವರಿಗೆ ಬಾಕಿ, ಲೇತ್‌ನವರು ಖಾನಾವಳಿಗೆ ಬಾಕಿ, ಖಾನಾವಳಿಯವರು ಅಕ್ಕನಿಗೆ ಬಾಕಿ. ಅಕ್ಕನಿಗೆ ಮಾತ್ರ ಯಾರೂ ಉದ್ರಿ ಕೊಡುವುದಿಲ್ಲ. ಜೋಳ ರೋಖ, ಗಿರಣಿ ರೋಖ, ಗ್ಯಾಸ್ ರೋಖ.

ಅವತ್ತು ಮಧ್ಯಾಹ್ನ ಲೇತ್‌ನವರ ಫೋನ್ ಟಿಂಗ್ ಅಂತು. 88ನೇ ದಿನ. ನಾಲ್ಕಕ್ಕೆ ಬಟವಾಡೆ ಮುಗಿಸಿ ಐದಕ್ಕೆ ಖಾನಾವಳಿ ಖಾತೆ ಚುಕ್ತಾ ಮಾಡಿದರು. ರಾತ್ರಿ ರೊಟ್ಟಿ ಬುಟ್ಟಿ ಇಳಿಸಲು ಬಂದ ಅಕ್ಕನ ಕೈಗೆ ಖಾನಾವಳಿಯವರು ಮೂರು ವಾರದ ಬಾಕಿ ಇಟ್ಟರು. ಅವರು ಎರಡು ಸಲ ಎಣಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನಾವು ಕೂತ ಕಡೆ ತಿರುಗಿ ಲೇತ್‌ನವರನ್ನು ಕೇಳಿದರು:

“ಅಣ್ಣಾರ, ಇನ್ನೊಂದು ಬಿಲ್ಲು ಯಾವಾಗ ಪಾಸ್ ಆಗತೈತ್ರಿ?”